ಗ್ರಾಂನಿಂದ ಮೋಲ್‌ಗೆ: ಮೈಲುತುತ್ತ, ಸುಣ್ಣ, ಉಪ್ಪು ತೂಗಿ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಶಿರಸಿ ಕಡೆ ಅಡಿಕೆ ತೋಟ ಇರುವವರಿಗೆ ಬೋರ್ಡೋ ದ್ರಾವಣದ, ಅಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಲೆಕ್ಕ ಬಾಯಿಪಾಠ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಕೊನೆಗೌಡರು ಮರ ಹತ್ತಿ ಕೊಳೆ ಔಷಧಿ ಹೊಡೆಯುತ್ತಾರೆ. ತಕ್ಕಡಿಯಲ್ಲಿ ಎರಡೂ ಸಮ. ಆದರೆ ಮೋಲ್ ಲೆಕ್ಕ ಹಾಕಿದರೆ ಅದೇ ಡ್ರಮ್ಮಿನಲ್ಲಿ ಮೈಲುತುತ್ತ ಬರೀ 4 ಮೋಲ್, ಸುಣ್ಣ ಹದಿಮೂರೂವರೆ ಮೋಲ್! ಮೂರು ಪಟ್ಟಿಗಿಂತ ಜಾಸ್ತಿ.

ಈ 4 ಮತ್ತು 13.5 ಎಲ್ಲಿಂದ ಬಂತು ಅನ್ನೋದನ್ನು ಪೂರ್ತಿ ಬಿಡಿಸಿ ಹೇಳ್ತೀನಿ. ಮೊದಲನೇ ಪಿಯುಸಿ ಮಕ್ಕಳಿಗೆ ಇದು ಮೊದಲ ಅಧ್ಯಾಯದಲ್ಲೇ ಬರುತ್ತದೆ, ಹೆಚ್ಚಿನವರು ಅಲ್ಲೇ ಹೆದರುತ್ತಾರೆ. ಹೆದರಿಕೆಗೆ ಕಾರಣ ಲೆಕ್ಕ ಅಲ್ಲ. ಲೆಕ್ಕ ಒಂದೇ ಒಂದು ಭಾಗಾಕಾರ, ಏಳನೇ ಕ್ಲಾಸಿನವರೂ ಮಾಡ್ತಾರೆ. ಎಡವುವುದು ಅದಕ್ಕೂ ಮೊದಲು, ತಕ್ಕಡಿ ಮೇಲೆ ಇಟ್ಟಿರುವುದು ನಿಜವಾಗಿ ಏನು ಅಂತ ತಿಳಿಯದೆ ಭಾಗಿಸಲು ಹೊರಟಾಗ. ಹಾಗಾಗಿ ಈ ಬರಹದಲ್ಲಿ ಭಾಗಾಕಾರಕ್ಕೆ ಸ್ವಲ್ಪ ಜಾಗ, ಆ "ಏನು" ಅನ್ನೋದಕ್ಕೆ ಜಾಸ್ತಿ ಜಾಗ.

ಮೋಲ್ ಅಂದರೆ ಎಷ್ಟು?

ಕಾರವಾರದ ಮೀನು ಪೇಟೆಯಲ್ಲಿ ಒಂದು ಕಿಲೋ ಬಂಗಡೆ, ಒಂದು ಕಿಲೋ ತಾರ್ಲೆ ತಗೊಳ್ಳಿ. ತೂಕ ಒಂದೇ, ಆದರೆ ಚೀಲದಲ್ಲಿ ತಾರ್ಲೆಯ ಸಂಖ್ಯೆ ಜಾಸ್ತಿ, ಯಾಕೆಂದರೆ ಅದು ಸಣ್ಣ ಮೀನು. ರಾಸಾಯನಿಕಗಳದ್ದೂ ಇದೇ ಕಥೆ. ಅಣುಗಳು ಒಂದಕ್ಕೊಂದು ಸೇರುವುದು ಸಂಖ್ಯೆಯ ಲೆಕ್ಕದಲ್ಲಿ, ನಮಗೆ ಅಳೆಯಲು ಬರುವುದು ತೂಕ ಮಾತ್ರ. ಈ ಎರಡರ ನಡುವೆ ದಾಟಿಸುವುದೇ ಮೋಲ್.

ಒಂದು ಮೋಲ್ ಅಂದರೆ 6.02214076 × 10²³ ಕಣಗಳು. ಅಣುವಾಗಲಿ, ಪರಮಾಣುವಾಗಲಿ, ಅಯಾನಾಗಲಿ, ಸಂಖ್ಯೆ ಅಷ್ಟೇ. 1971ರಿಂದ 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣು ಇವೆಯೋ ಅಷ್ಟು ಅಂತ ವ್ಯಾಖ್ಯಾನ ಇತ್ತು. 2019ರ ಮೇ 20ರಿಂದ ಸಂಖ್ಯೆಯನ್ನೇ ನೇರವಾಗಿ ನಿಗದಿ ಮಾಡಿದ್ದಾರೆ. ನಮ್ಮ ಲೆಕ್ಕಕ್ಕೆ ಇದರಿಂದ ಏನೂ ವ್ಯತ್ಯಾಸ ಇಲ್ಲ. ಹಳೇ ಪುಸ್ತಕದಲ್ಲಿ ಹಳೇ ವ್ಯಾಖ್ಯಾನ ಕಂಡರೆ ಗಾಬರಿ ಬೇಡ ಅಂತ ಹೇಳಿದೆ ಅಷ್ಟೇ. ಇನ್ನೊಂದು ಮಾತು: ಗ್ರಾಂನಿಂದ ಮೋಲ್‌ಗೆ ಹೋಗುವಾಗ ಈ ದೊಡ್ಡ ಸಂಖ್ಯೆ ಬೇಕಾಗುವುದೇ ಇಲ್ಲ. ಕಣಗಳು ಎಷ್ಟು ಅಂತ ಕೇಳಿದರೆ ಮಾತ್ರ ಬೇಕು. ಸುಮ್ನೆ ಎಲ್ಲ ಲೆಕ್ಕಕ್ಕೂ ಅದನ್ನು ತುರುಕಬೇಡಿ.

ಹೆಜ್ಜೆ 1: ಸೂತ್ರ ಬರೆದುಕೊಳ್ಳಿ, ಪರಮಾಣು ಎಣಿಸಿ

ಹೆಸರು ನೋಡಿ ನೇರವಾಗಿ ಲೆಕ್ಕಕ್ಕೆ ಇಳಿಯಬೇಡಿ. ಮೊದಲು ಅಣುಸೂತ್ರ ಬರೆದು, ಅದರಲ್ಲಿ ಯಾವ ಧಾತುವಿನ ಪರಮಾಣು ಎಷ್ಟಿವೆ ಅಂತ ಪಕ್ಕದಲ್ಲಿ ಪಟ್ಟಿ ಮಾಡಿ. ಅಡುಗೆ ಉಪ್ಪಿಗೆ ಇದು ಒಂದು ಸೆಕೆಂಡಿನ ಕೆಲಸ: ಸೋಡಿಯಂ 1, ಕ್ಲೋರಿನ್ 1. ಸಕ್ಕರೆಗೆ ಕಾರ್ಬನ್ 12, ಹೈಡ್ರೋಜನ್ 22, ಆಕ್ಸಿಜನ್ 11.

ತಪ್ಪುವುದು ಕಂಸ ಬಂದಾಗ. ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಇದರ ಸೂತ್ರದಲ್ಲಿ ಆಕ್ಸಿಜನ್-ಹೈಡ್ರೋಜನ್ ಜೋಡಿ ಕಂಸದ ಒಳಗಿದೆ, ಹೊರಗೆ ಕೆಳಗಡೆ 2 ಇದೆ. ಆ 2 ಕಂಸದೊಳಗಿನ ಎಲ್ಲದಕ್ಕೂ ಸೇರುತ್ತದೆ. ಆದ್ದರಿಂದ ಕ್ಯಾಲ್ಸಿಯಂ 1, ಆಕ್ಸಿಜನ್ 2, ಹೈಡ್ರೋಜನ್ 2. ಹೈಡ್ರೋಜನ್‌ಗೆ ಮಾತ್ರ 2 ಹಾಕಿ ಆಕ್ಸಿಜನ್ ಒಂದೇ ಅಂತ ಬರೆಯುವವರು ಬಹಳ ಜನ. ಯೂರಿಯಾಕ್ಕೂ ಇದೇ ಎಚ್ಚರ ಬೇಕು: ಕಾರ್ಬನ್ 1, ಆಕ್ಸಿಜನ್ 1, ನೈಟ್ರೋಜನ್ 2, ಹೈಡ್ರೋಜನ್ 4.

ಅನಿಲಗಳಲ್ಲಿ ಇನ್ನೊಂದು ಗುಂಡಿ. ಆಕ್ಸಿಜನ್, ನೈಟ್ರೋಜನ್, ಹೈಡ್ರೋಜನ್, ಕ್ಲೋರಿನ್ ಅನಿಲಗಳು ಜೋಡಿಯಾಗಿ ಓಡಾಡುತ್ತವೆ. "32 ಗ್ರಾಂ ಆಕ್ಸಿಜನ್ ಅನಿಲ" ಅಂದರೆ 1 ಮೋಲ್, 2 ಮೋಲ್ ಅಲ್ಲ.

ಹೆಜ್ಜೆ 2: ಮೋಲಾರ್ ದ್ರವ್ಯರಾಶಿ ಕೂಡಿಸಿ

ಆವರ್ತ ಕೋಷ್ಟಕದಲ್ಲಿ ಪ್ರತಿ ಧಾತುವಿಗೂ ಪರಮಾಣು ದ್ರವ್ಯರಾಶಿ ಕೊಟ್ಟಿರುತ್ತಾರೆ. ಕೆಳಗಿನ ಲೆಕ್ಕಗಳಿಗೆ ಬೇಕಾದವು ಇವು: ಹೈಡ್ರೋಜನ್ 1.008, ಕಾರ್ಬನ್ 12.011, ನೈಟ್ರೋಜನ್ 14.007, ಆಕ್ಸಿಜನ್ 15.999, ಸೋಡಿಯಂ 22.990, ಗಂಧಕ 32.06, ಕ್ಲೋರಿನ್ 35.45, ಕ್ಯಾಲ್ಸಿಯಂ 40.078, ಕಬ್ಬಿಣ 55.845, ತಾಮ್ರ 63.546. ಇವುಗಳ ಮುಂದೆ "ಗ್ರಾಂ ಪ್ರತಿ ಮೋಲ್" ಅಂತ ಸೇರಿಸಿದರೆ ಆಯ್ತು, ಅದೇ ಮೋಲಾರ್ ದ್ರವ್ಯರಾಶಿ.

ಹುಷಾರು, ಕೋಷ್ಟಕದಲ್ಲಿ ಪೂರ್ಣಸಂಖ್ಯೆಯಾಗಿ ಇರುವುದು ಪರಮಾಣು ಸಂಖ್ಯೆ. ತಾಮ್ರಕ್ಕೆ 29 ಅದು. ನಮಗೆ ಬೇಕಿರುವುದು 63.546.

ಎಣಿಸಿದ ಪರಮಾಣುಗಳನ್ನು ಅವುಗಳ ತೂಕದಿಂದ ಗುಣಿಸಿ, ಎಲ್ಲ ಕೂಡಿಸಿ:

ಉಪ್ಪು: 22.990 + 35.45 = 58.44
ಯೂರಿಯಾ: 12.011 + 15.999 + (2 × 14.007) + (4 × 1.008) = 60.056
ಅರಳಿದ ಸುಣ್ಣ: 40.078 + (2 × 15.999) + (2 × 1.008) = 74.09

ಸಿಇಟಿಯಲ್ಲಿ ಕ್ಯಾಲ್ಕುಲೇಟರ್ ಬಿಡುವುದಿಲ್ಲ, ಅಲ್ವಾ? ಅಲ್ಲಿ ಕ್ಯಾಲ್ಸಿಯಂ 40, ಆಕ್ಸಿಜನ್ 16, ಕ್ಲೋರಿನ್ 35.5, ತಾಮ್ರ 63.5 ಅಂತ ತಗೊಂಡರೆ ಧಾರಾಳ ಸಾಕು. ಕ್ಲೋರಿನ್ ಅನ್ನು 35 ಅಂತಲೋ 36 ಅಂತಲೋ ಮಾತ್ರ ಮಾಡಬೇಡಿ.

ಹೆಜ್ಜೆ 3: ಗ್ರಾಂ ಮಾಡಿಕೊಂಡು ಭಾಗಿಸಿ

ಮೋಲ್ = ಗ್ರಾಂನಲ್ಲಿ ತೂಕ ÷ ಮೋಲಾರ್ ದ್ರವ್ಯರಾಶಿ

ಇಷ್ಟೇ. 5 ಗ್ರಾಂ ಉಪ್ಪು ಇದ್ದರೆ 5 ÷ 58.44, ಅಂದರೆ 0.0856 ಮೋಲ್.

ಗುಣಿಸಬೇಕೋ ಭಾಗಿಸಬೇಕೋ ಅಂತ ಅನುಮಾನ ಬಂದರೆ ಮಾನಗಳನ್ನು ಬರೆದು ನೋಡಿ. ಗ್ರಾಂ ಅನ್ನು ಗ್ರಾಂ ಪ್ರತಿ ಮೋಲ್‌ನಿಂದ ಭಾಗಿಸಿದರೆ ಗ್ರಾಂ ಹೊಡೆದುಹೋಗಿ ಮೋಲ್ ಉಳಿಯುತ್ತದೆ. ಗುಣಿಸಿಬಿಟ್ಟರೆ ಗ್ರಾಂ ವರ್ಗ ಪ್ರತಿ ಮೋಲ್ ಅಂತ ಯಾವ ಲೋಕದಲ್ಲೂ ಇಲ್ಲದ ಮಾನ ಬರುತ್ತದೆ. ಸೂತ್ರ ಉರು ಹೊಡೆಯುವುದಕ್ಕಿಂತ ಇದು ಮೇಲು.

ತೂಕ ಕಿಲೋದಲ್ಲಿ ಇದ್ದರೆ 1000ದಿಂದ ಗುಣಿಸಿ, ಮಿಲಿಗ್ರಾಂ ಇದ್ದರೆ 1000ದಿಂದ ಭಾಗಿಸಿ, ಆಮೇಲೆ ಮುಂದಕ್ಕೆ ಹೋಗಿ. ಸೊಸೈಟಿಯಿಂದ ತಂದ 45 ಕಿಲೋ ಯೂರಿಯಾ ಚೀಲ ಅಂದರೆ 45000 ಗ್ರಾಂ. 45000 ÷ 60.056 = 749 ಮೋಲ್. 45ನ್ನೇ ಭಾಗಿಸಿದವರಿಗೆ 0.749 ಬರುತ್ತದೆ. ಉತ್ತರ ಸರಿಯೋ ತಪ್ಪೋ ಅಂತ ಅಂದಾಜು ಮಾಡಲು ಒಂದು ದಾರಿ: ನಿಮ್ಮ ಬಳಿ ಇರುವ ತೂಕ ಮೋಲಾರ್ ದ್ರವ್ಯರಾಶಿಗಿಂತ ಜಾಸ್ತಿ ಇದ್ದರೆ ಉತ್ತರ 1ಕ್ಕಿಂತ ಜಾಸ್ತಿ ಬರಲೇಬೇಕು. ಒಂದು ಚೀಲ ಗೊಬ್ಬರ ಮುಕ್ಕಾಲು ಮೋಲ್ ಆಗಲು ಸಾಧ್ಯವೇ ಇಲ್ಲ.

ಹಾಗೇ ಆ ಚೀಲದ ಮೇಲೆ ನೈಟ್ರೋಜನ್ 46% ಅಂತ ಬರೆದಿರುತ್ತದಲ್ಲ, ಅದು ಎಲ್ಲಿಂದ ಬಂತು ಅಂತ ಈಗ ನೀವೇ ನೋಡಬಹುದು. ಯೂರಿಯಾದ 60.056ರಲ್ಲಿ ನೈಟ್ರೋಜನ್ ಪಾಲು 28.014. ಭಾಗಿಸಿ ನೂರರಿಂದ ಗುಣಿಸಿದರೆ 46.6.

ದ್ರವ ಆದರೆ ಒಂದು ಹೆಜ್ಜೆ ಜಾಸ್ತಿ. ಮಿಲಿಲೀಟರ್ ಅನ್ನು ಸಾಂದ್ರತೆಯಿಂದ ಗುಣಿಸಿ ಗ್ರಾಂ ಮಾಡಿಕೊಳ್ಳಿ. ಎಥನಾಲ್ ಸಾಂದ್ರತೆ 20 ಡಿಗ್ರಿಯಲ್ಲಿ ಮಿಲಿಗೆ 0.789 ಗ್ರಾಂ. ಆದ್ದರಿಂದ 100 ಮಿಲಿ ಅಂದರೆ 78.9 ಗ್ರಾಂ, ಅದನ್ನು ಎಥನಾಲ್‌ನ ಮೋಲಾರ್ ದ್ರವ್ಯರಾಶಿ 46.07ರಿಂದ ಭಾಗಿಸಿದರೆ 1.71 ಮೋಲ್.

ಚುಕ್ಕೆ ಆಚೆಗಿನ ನೀರು

ಈಗ ಮೈಲುತುತ್ತಕ್ಕೆ ಬರೋಣ. ಇಲ್ಲೇ ಇರುವುದು ಅಸಲಿ ಮಜಾ.

ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ತಾಮ್ರ 1, ಗಂಧಕ 1, ಆಕ್ಸಿಜನ್ 4. ಕೂಡಿಸಿದರೆ 159.60. ಒಂದು ಕಿಲೋಗೆ 1000 ÷ 159.60 = 6.27 ಮೋಲ್. ನೋಡಲು ಎಲ್ಲ ಸರಿ ಇದೆ. ಆದರೆ ಉತ್ತರ ತಪ್ಪು.

ಯಾಕೆಂದರೆ ಅಂಗಡಿಯಿಂದ ತರುವ ಆ ನೀಲಿ ಹರಳಿನಲ್ಲಿ ಒಂದೊಂದು ತಾಮ್ರದ ಸಲ್ಫೇಟ್ ಜೊತೆಗೂ ಐದೈದು ನೀರಿನ ಅಣು ಕಟ್ಟಿಕೊಂಡಿವೆ. ಸೂತ್ರದಲ್ಲಿ ಒಂದು ಚುಕ್ಕೆ ಇಟ್ಟು ಆಮೇಲೆ 5 ನೀರು ಅಂತ ಬರೆಯುತ್ತಾರೆ. ಆ ಚುಕ್ಕೆ ಗುಣಾಕಾರದ ಚಿಹ್ನೆ ಅಲ್ಲ, "ಜೊತೆಗೆ" ಅಂತ ಅರ್ಥ, ಕೂಡಿಸಬೇಕು. ಹರಳು ಕೈಗೆ ಒಣಗಿದಂತೆ ಕಂಡರೂ ಈ ನೀರು ಒಳಗೇ ಇರುತ್ತದೆ, ಬಿಸಿಲಿಗೆ ಸ್ವಲ್ಪ ಹೊತ್ತು ಹರವಿದರೆ ಹೋಗುವ ಒದ್ದೆಯಲ್ಲ ಅದು. ಪ್ರನಾಳದಲ್ಲಿ ಹಾಕಿ ಚೆನ್ನಾಗಿ ಕಾಸಿದರೆ ಹೋಗುತ್ತದೆ, ಆಗ ನೀಲಿ ಬಣ್ಣ ಹೋಗಿ ಬಿಳಿ ಪುಡಿ ಉಳಿಯುತ್ತದೆ. ಆ ಬಿಳಿ ಪುಡಿಗೆ ಮಾತ್ರ 159.60 ಅನ್ವಯ. ನೀಲಿ ಹರಳಿಗೆ:

159.60 + (5 × 18.015) = 249.68
1000 ÷ 249.68 = 4.005 ಮೋಲ್

6.27 ಎಲ್ಲಿ, 4.005 ಎಲ್ಲಿ! ನೀವು ಒಂದು ಕಿಲೋ ಮೈಲುತುತ್ತ ತಂದರೆ ಅದರಲ್ಲಿ ಸುಮಾರು 361 ಗ್ರಾಂ ಬರೀ ನೀರು, ಸುಮಾರು 254 ಗ್ರಾಂ ತಾಮ್ರ. ಇದು ಅಂಗಡಿಯವರ ಮೋಸ ಅಲ್ಲ ಮತ್ತೆ, ಹರಳಿನ ರಚನೆಯೇ ಹಾಗೆ.

ಸುಣ್ಣದ ಕಡೆ ಅರಳಿದ ಸುಣ್ಣ ಅಂತ ಇಟ್ಟುಕೊಂಡರೆ 1000 ÷ 74.09 = 13.5 ಮೋಲ್. ಒಂದು ಮೋಲ್ ಮೈಲುತುತ್ತಕ್ಕೆ ಒಂದು ಮೋಲ್ ಅರಳಿದ ಸುಣ್ಣ ಅಂತ ಲೆಕ್ಕ ಹಾಕಿದರೆ 4 ಮೋಲ್, ಅಂದರೆ ಸುಮಾರು 300 ಗ್ರಾಂ ಶುದ್ಧ ಸುಣ್ಣ ಸಾಕಾಗಬೇಕು. ಹಾಗಂತ ಯಾರೂ ಸುಣ್ಣ ಕಡಿಮೆ ಮಾಡಲು ಹೋಗಬೇಡಿ! ತೋಟಕ್ಕೆ ತರುವ ಸುಣ್ಣ ಶುದ್ಧ ಇರುವುದಿಲ್ಲ. ಸುಣ್ಣ ಸಾಲದಿದ್ದರೆ ಹುಳಿ ಗುಣ ಉಳಿದು, ಕರಗಿದ ತಾಮ್ರ ಎಲೆ-ಸಿಂಗಾರ ಸುಡುತ್ತದೆ. ಅದಕ್ಕೇ ಉಜ್ಜಿದ ಕಬ್ಬಿಣದ ಕತ್ತಿ ಅದ್ದಿ ನೋಡುವುದು. ಕತ್ತಿ ಮೇಲೆ ಕೆಂಪಗೆ ತಾಮ್ರ ಕೂತರೆ ಇನ್ನೂ ಸುಣ್ಣ ಬೇಕು ಅಂತ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿಗೆ ಅಂತ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಔಷಧಿ ಇದು, ಇವತ್ತಿಗೂ ನಮ್ಮ ಅಡಿಕೆಗೆ ಬೇಕೇ ಬೇಕು.

ತೂಕ ಬದಲಾಗುತ್ತದೆ, ಮೋಲ್ ಬದಲಾಗುವುದಿಲ್ಲ

ಸುಣ್ಣದ ಕಥೆ ಇನ್ನೂ ಇದೆ. ಅಘನಾಶಿನಿ ಅಳಿವೆಯ ಬಳಚು ಗೊತ್ತಲ್ಲ, ಅದರ ಚಿಪ್ಪಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕ್ಯಾಲ್ಸಿಯಂ 1, ಕಾರ್ಬನ್ 1, ಆಕ್ಸಿಜನ್ 3, ಒಟ್ಟು 100.09. ಲೆಕ್ಕಕ್ಕೆ ಪೂರ್ತಿ ಶುದ್ಧ ಅಂತ ಇಟ್ಟುಕೊಂಡು ಒಂದು ಕಿಲೋ ತಗೊಳ್ಳೋಣ. 1000 ÷ 100.09 = 9.99 ಮೋಲ್.

ಭಟ್ಟಿಯಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದರ ಮೋಲಾರ್ ದ್ರವ್ಯರಾಶಿ 56.08. ಕ್ಯಾಲ್ಸಿಯಂ ಎಲ್ಲೂ ಹೋಗಿಲ್ಲ, ಹಾಗಾಗಿ ಈಗಲೂ 9.99 ಮೋಲ್ ಇದೆ. ತೂಕ ಮಾತ್ರ 9.99 × 56.08 = 560 ಗ್ರಾಂಗೆ ಇಳಿದಿದೆ. ನೀರು ಹಾಕಿ ಅರಳಿಸಿದರೆ ನೀರನ್ನು ಹಿಡಿದುಕೊಂಡು 9.99 × 74.09 = 740 ಗ್ರಾಂ ಆಗುತ್ತದೆ. ಒಂದು ಕಿಲೋ ಇದ್ದದ್ದು 560 ಆಯ್ತು, ಮತ್ತೆ 740 ಆಯ್ತು, ಮೋಲ್ ಮಾತ್ರ ಮೊದಲಿನಿಂದ ಕೊನೆವರೆಗೆ 9.99. ಮೋಲ್ ಯಾಕೆ ಬೇಕು, ಗ್ರಾಂ ಸಾಲದಾ ಅಂತ ಕೇಳುವವರಿಗೆ ನಾನು ಇದನ್ನೇ ತೋರಿಸುವುದು.

ಇದರಿಂದ ಇನ್ನೊಂದು ಗೊತ್ತಾಗುತ್ತದೆ. "ಒಂದು ಕಿಲೋ ಸುಣ್ಣ" ಅಂದರೆ ಸಾಲದು. ಸುಟ್ಟ ಸುಣ್ಣವಾದರೆ 17.8 ಮೋಲ್, ಅರಳಿದ್ದಾದರೆ 13.5, ಸುಡದ ಚಿಪ್ಪಿನ ಪುಡಿಯಾದರೆ 10. ಯಾವುದು ಅಂತ ಕೇಳದೆ ಲೆಕ್ಕ ಶುರು ಮಾಡಬೇಡಿ. ಕವಳಕ್ಕೆ (ಎಲೆ-ಅಡಿಕೆಗೆ) ಹಚ್ಚುವುದು ಅರಳಿದ ಸುಣ್ಣ, ಅದರಲ್ಲೂ ನೀರು ಬೆರೆತದ್ದು.

ಶುದ್ಧ ಇಲ್ಲದಿದ್ದರೆ ಏನು ಮಾಡುವುದು

ಸುಣ್ಣವನ್ನು ಗಾಳಿಗೆ ಬಿಟ್ಟರೆ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಕಾರ್ಬೊನೇಟ್ ಆಗುತ್ತದೆ. ಬಾಯಿ ಬಿಚ್ಚಿಟ್ಟ ಹಳೇ ಸುಣ್ಣಕ್ಕೆ ಕಸುವಿಲ್ಲ ಅಂತ ರೈತರು ಹೇಳುವುದು ಅದಕ್ಕೇ. ಉದಾಹರಣೆಗೆ ನಿಮ್ಮ ಸುಣ್ಣದಲ್ಲಿ ನೂರಕ್ಕೆ 80 ಭಾಗ ಮಾತ್ರ ಅರಳಿದ ಸುಣ್ಣ ಅಂತ ಇಟ್ಟುಕೊಳ್ಳಿ. ಮೊದಲು ತೂಕವನ್ನು ಇಳಿಸಿ, ಆಮೇಲೆ ಭಾಗಿಸಿ. 1000 × 0.80 = 800 ಗ್ರಾಂ, 800 ÷ 74.09 = 10.8 ಮೋಲ್.

ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರದ ಉಪ್ಪಿಗೂ ಇದೇ ನಿಯಮ. ಸಮುದ್ರದ ನೀರು ಒಣಗಿಸಿ ತೆಗೆದ ಉಪ್ಪು ಅದು. ಒದ್ದೆ ಇರುತ್ತದೆ, ಮೆಗ್ನೀಸಿಯಂ-ಕ್ಯಾಲ್ಸಿಯಂ ಲವಣಗಳೂ ಸ್ವಲ್ಪ ಇರುತ್ತವೆ. ಅದನ್ನು ತೂಗಿ 58.44ರಿಂದ ಭಾಗಿಸಿದರೆ ಬರುವುದು ಅಂದಾಜು ಮಾತ್ರ. ಊಟಕ್ಕೆ ಅದೇ ರುಚಿ, ಲ್ಯಾಬಿಗೆ ಬಾಟಲಿ ಉಪ್ಪು.

ಇನ್ನು ಕೆಲವಕ್ಕೆ ಮೋಲಾರ್ ದ್ರವ್ಯರಾಶಿ ಅನ್ನೋದೇ ಇಲ್ಲ. ಜೋನಿ ಬೆಲ್ಲದ ಮೋಲ್ ಎಷ್ಟು ಅಂದರೆ ಉತ್ತರ ಇಲ್ಲ. ಅದರಲ್ಲಿ ಸುಕ್ರೋಸ್ (ಮಾಮೂಲಿ ಸಕ್ಕರೆ) ಇದೆ, ಗ್ಲೂಕೋಸ್-ಫ್ರಕ್ಟೋಸ್ ಇದೆ, ನೀರಿದೆ, ಖನಿಜ ಇದೆ. ಮಿಶ್ರಣಕ್ಕೆ ಒಂದು ಸೂತ್ರ ಇರುವುದಿಲ್ಲ. ಅದರಲ್ಲಿನ ಸುಕ್ರೋಸ್ ಎಷ್ಟು ಗ್ರಾಂ ಅಂತ ಗೊತ್ತಿದ್ದರೆ ಅಷ್ಟನ್ನು ಮಾತ್ರ 342.30ರಿಂದ ಭಾಗಿಸಬಹುದು. ತೆಂಗಿನ ಎಣ್ಣೆ, ಸೀಮೆಎಣ್ಣೆ ಎಲ್ಲ ಇದೇ ಸಾಲಿಗೆ.

ಕೈಗಾದ ನೀರು

ಕಾರವಾರದ ಮಕ್ಕಳಿಗೆ ಇದು ಪಕ್ಕದ ಮನೆಯ ಉದಾಹರಣೆ. ಕೈಗಾ ಅಣು ವಿದ್ಯುತ್ ಸ್ಥಾವರದ ರಿಯಾಕ್ಟರುಗಳಲ್ಲಿ ಬಳಸುವುದು ಭಾರಜಲ. ಅದೂ ನೀರೇ, ಆದರೆ ಹೈಡ್ರೋಜನ್ ಬದಲು 2.014 ತೂಗುವ ಡ್ಯೂಟೀರಿಯಂ ಇರುತ್ತದೆ. (2 × 2.014) + 15.999 = 20.03. ಒಂದು ಕಿಲೋ ಮಾಮೂಲಿ ನೀರು 1000 ÷ 18.015 = 55.5 ಮೋಲ್, ಒಂದು ಕಿಲೋ ಭಾರಜಲ 49.9 ಮೋಲ್. ಕೋಷ್ಟಕದಲ್ಲಿ ಕೊಟ್ಟಿರುವುದು ಪ್ರಕೃತಿಯಲ್ಲಿ ಸಿಗುವ ಐಸೊಟೋಪುಗಳ (ಒಂದೇ ಧಾತುವಿನ, ತೂಕ ಬೇರೆ ಬೇರೆ ಇರುವ ಪರಮಾಣುಗಳ) ಸರಾಸರಿ ತೂಕ. ಪ್ರಶ್ನೆಯಲ್ಲಿ ಯಾವುದೋ ಒಂದು ಐಸೊಟೋಪ್ ಹೆಸರು ಹೇಳಿದ್ದರೆ ಆ ಸರಾಸರಿ ಬಿಟ್ಟು ಆ ಐಸೊಟೋಪಿನ ತೂಕವನ್ನೇ ಹಾಕಬೇಕು. ಪಿಯುಸಿಯಲ್ಲಿ ಇದು ಅಪರೂಪಕ್ಕೆ ಬರುತ್ತದೆ.

ಉಲ್ಟಾ ಲೆಕ್ಕ: ಲ್ಯಾಬಿನಲ್ಲಿ ಎಷ್ಟು ತೂಗಬೇಕು?

ಮೋಲ್ ಗೊತ್ತಿದ್ದು ಗ್ರಾಂ ಬೇಕಾದರೆ ಗುಣಿಸಿ. ಪ್ರಾಕ್ಟಿಕಲ್‌ನಲ್ಲಿ 0.1 ಮೋಲಾರ್ (ಅಂದರೆ ಒಂದು ಲೀಟರ್ ದ್ರಾವಣದಲ್ಲಿ 0.1 ಮೋಲ್) ಆಕ್ಸಾಲಿಕ್ ಆಮ್ಲ 250 ಮಿಲಿ ಮಾಡಿ ಅಂತಾರೆ. 250 ಮಿಲಿ ಅಂದರೆ 0.25 ಲೀಟರ್, ಬೇಕಾದ ಮೋಲ್ 0.1 × 0.25 = 0.025. ಆಕ್ಸಾಲಿಕ್ ಆಮ್ಲದ ಹರಳಿನಲ್ಲೂ ಎರಡು ನೀರು ಇದೆ, ಅದನ್ನು ಸೇರಿಸಿ 126.06. ಗುಣಿಸಿದರೆ 3.15 ಗ್ರಾಂ. ನೀರು ಮರೆತು 90.03 ಹಾಕಿದವರು 2.25 ಗ್ರಾಂ ತೂಗುತ್ತಾರೆ, ಮುಂದೆ ಟೈಟ್ರೇಶನ್ (ಬಲ ಗೊತ್ತಿರುವ ದ್ರಾವಣದಿಂದ ಗೊತ್ತಿಲ್ಲದ್ದರ ಬಲ ಅಳೆಯುವುದು) ಪೂರ್ತಿ ಹದಗೆಡುತ್ತದೆ. ಬಾಟಲಿ ಲೇಬಲ್ ಮೇಲೆ ಮೋಲಾರ್ ದ್ರವ್ಯರಾಶಿ ಅಚ್ಚು ಹಾಕಿರುತ್ತಾರೆ, ಒಮ್ಮೆ ಕಣ್ಣಾಡಿಸಿದರೆ ಈ ಗೋಳೇ ಇರಲ್ಲ.

ಅದೇ ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್) ಆದರೆ 0.025 × 40.00 = 1.00 ಗ್ರಾಂ. ಕಾಗದದ ಮೇಲೆ ಚೆಂದ. ಆದರೆ ನಮ್ಮ ಕರಾವಳಿಯ ಜುಲೈ ತಿಂಗಳಿನಲ್ಲಿ ಕಾಸ್ಟಿಕ್ ಸೋಡಾ ತುಣುಕನ್ನು ತಕ್ಕಡಿ ಮೇಲೆ ಇಟ್ಟು ನೋಡಿ, ನೋಡುತ್ತಿರುವಾಗಲೇ ಗಾಳಿಯ ತೇವ ಎಳೆದುಕೊಂಡು ಅಂಟಂಟು ಆಗಿ ತೂಕ ಏರುತ್ತಾ ಹೋಗುತ್ತದೆ. ನೀವು ತೂಗಿದ ಒಂದು ಗ್ರಾಂನಲ್ಲಿ ಸೋಡಾ ಎಷ್ಟು, ನೀರೆಷ್ಟು ಅಂತ ಹೇಳುವುದು ಹೇಗೆ? ಅದಕ್ಕೇ ಅದನ್ನು ಅಂದಾಜಿಗೆ ಕರಗಿಸಿಕೊಂಡು, ನಂಬಿಕಸ್ಥ ಆಕ್ಸಾಲಿಕ್ ಆಮ್ಲದ ಎದುರು ಟೈಟ್ರೇಟ್ ಮಾಡಿ ಸರಿಯಾದ ಬಲ ಕಂಡುಹಿಡಿಯುವುದು. ಬರಿಗೈಯಲ್ಲಿ ಮುಟ್ಟಬೇಡಿ ಮತ್ತೆ, ಚರ್ಮ ಸುಡುತ್ತದೆ.

ಉತ್ತರದಲ್ಲಿ ಎಷ್ಟು ಅಂಕಿ ಬರೆಯಬೇಕು? ತೂಕವನ್ನು ಮೂರು ಅಂಕಿಗೆ ಅಳೆದಿದ್ದರೆ ಉತ್ತರವೂ ಮೂರು ಅಂಕಿಗೆ. ಕ್ಯಾಲ್ಕುಲೇಟರ್ ಹತ್ತು ಅಂಕಿ ತೋರಿಸಿತು ಅಂತ ಹತ್ತೂ ಇಳಿಸಬೇಡಿ. ಮಧ್ಯದ ಹೆಜ್ಜೆಗಳಲ್ಲಿ ಮಾತ್ರ ಒಂದೆರಡು ಅಂಕಿ ಜಾಸ್ತಿ ಇಟ್ಟುಕೊಳ್ಳಿ.

ಒಂದು ಕಷ್ಟದ್ದು, ನೀವೇ ಮಾಡಿ

19.6 ಗ್ರಾಂ ಮೋರ್ ಲವಣ ಎಷ್ಟು ಮೋಲ್? ಇದರಲ್ಲಿ ಅಮೋನಿಯಂ ಎರಡು, ಕಬ್ಬಿಣ ಒಂದು, ಸಲ್ಫೇಟ್ ಎರಡು, ಚುಕ್ಕೆ ಆಚೆ ನೀರು ಆರು. ಕಂಸವೂ ಇದೆ, ಚುಕ್ಕೆಯೂ ಇದೆ. ಉತ್ತರ ಮುಚ್ಚಿಟ್ಟುಕೊಂಡು ಮಾಡಿ, ಆಮೇಲೆ ಕೆಳಗೆ ನೋಡಿ.

ಅಮೋನಿಯಂ: 2 × (14.007 + 4 × 1.008) = 36.08
ಕಬ್ಬಿಣ: 55.85
ಸಲ್ಫೇಟ್: 2 × (32.06 + 4 × 15.999) = 192.11
ನೀರು: 6 × 18.015 = 108.09
ಒಟ್ಟು: 392.13

19.6 ÷ 392.13 = 0.0500 ಮೋಲ್.

ನಿಮಗೆ 0.069 ಬಂದಿದ್ದರೆ ಆರು ನೀರು ಬಿಟ್ಟಿದ್ದೀರಿ. 0.066 ಬಂದಿದ್ದರೆ ಸಲ್ಫೇಟ್ ಒಂದೇ ಹಾಕಿದ್ದೀರಿ.